ಹಕ್ಕಿಗೆ ರಸೀದಿ ಬೇಕಿಲ್ಲ

ನವೆಂಬರ್ 26ರ ಸಂವಿಧಾನ ದಿನ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ನಿವೃತ್ತ ಮೇಷ್ಟ್ರು ಬರೆದರೆ ಅದರಲ್ಲಿ ಬೇಸರ ಇರುತ್ತದೆ: ‘ಎಲ್ಲರೂ ಹಕ್ಕು ಹಕ್ಕು ಅಂತಾರೆ, ಕರ್ತವ್ಯದ ಮಾತೇ ಯಾರೂ ಎತ್ತುವುದಿಲ್ಲವಲ್ಲ ಸ್ವಾಮಿ?’ ಕಾಲೇಜು ಹುಡುಗರು ಕೇಳಿದರೆ ಅದೇ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಯ ಧಾಟಿಯಲ್ಲಿರುತ್ತದೆ: ‘ಕರ್ತವ್ಯಗಳ ಪಟ್ಟಿಯಿರುವ 51ಎ ವಿಧಿ ಪಾಲಿಸದಿದ್ದರೆ ಶಿಕ್ಷೆ ಏನು ಸಾರ್?’ ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ. ಹಕ್ಕೆಂದರೆ ಕರ್ತವ್ಯ ಮಾಡಿದವನಿಗೆ ಸಂಜೆ ಸಿಗುವ ಕೂಲಿ, ಗದ್ದೆಗೆ ಇಳಿಯದವನಿಗೆ ಅದು ದಕ್ಕಬಾರದು ಎಂಬುದು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಮ್ಮ ಸಂವಿಧಾನದಲ್ಲಿ ಹಾಗೆ ಎಲ್ಲೂ ಬರೆದಿಲ್ಲ.

ಈ ನಂಬಿಕೆ ಪತ್ರಗಳಲ್ಲಿ ಇದ್ದಷ್ಟು ದಿನ ನನಗೇನೂ ತಕರಾರಿರಲಿಲ್ಲ. ಅದು ಸರ್ಕಾರಿ ಮೇಜಿನ ಆಚೆ ಕೂತವರ ಬಾಯಲ್ಲಿ ಬಂದರೆ ಏನಾಗುತ್ತದೆ ಎಂದು ಹಳೇ ಮೈಸೂರು ಕಡೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ನೋಡಿದೆ. ಬೇರೆ ಯಾವುದೋ ಕೆಲಸಕ್ಕೆ ಹೋಗಿ ಬೆಂಚಿನ ಮೇಲೆ ಕಾಯುತ್ತಿದ್ದೆ. ವೃದ್ಧಾಪ್ಯ ಪಿಂಚಣಿಯ ಅರ್ಜಿಗೆ ಪಂಚಾಯಿತಿಯಿಂದ ಯಾವುದೋ ಕಾಗದ ಬೇಕೆಂದು ಒಬ್ಬ ಅಜ್ಜಿ ಬಂದಿದ್ದರು. ಮೇಜಿನಲ್ಲಿದ್ದವರು ಪುಸ್ತಕ ತಿರುವಿ ಹೇಳಿದರು: ‘ಮನೆ ಕಂದಾಯ ಬಾಕಿ ಐತಲ್ಲ ಅಜ್ಜಿ, ಮೊದ್ಲು ಅದ್ ಕಟ್ಟಿ ರಸೀದಿ ತಗಂಬಾ. ಆಮೇಲೆ ಸೈನು.’ ಅಜ್ಜಿ ಸಿಟ್ಟಾಗಲಿಲ್ಲ. ‘ಪಿಂಚಣಿ ಬಂದ್ರೆ ತಾನೇ ಸ್ವಾಮಿ ನಾನು ಕಂದಾಯ ಕಟ್ಟೋದು?’ ಎಂದರು. ಅಲ್ಲಿದ್ದವರೆಲ್ಲ ನಕ್ಕರು.

ಆ ಅಧಿಕಾರಿಯನ್ನು ಕೆಟ್ಟವರೆಂದು ಹೇಳಲಾರೆ. ವಸೂಲಿ ಗುರಿ ಮುಟ್ಟಿಲ್ಲವೆಂದು ಮೇಲಿನವರಿಂದ ಅವರೂ ಬೈಸಿಕೊಳ್ಳುತ್ತಾರೆ. ಕಂದಾಯ ಕಟ್ಟಬೇಕಾದದ್ದೂ ನಿಜ. ಆದರೆ ಬಾಕಿ ವಸೂಲಿಗೆ ಕಾನೂನು ಬೇರೆ ದಾರಿ ಕೊಟ್ಟಿದೆ, ನೋಟಿಸು ಕೊಡಬಹುದು, ಅದಕ್ಕೂ ಬಗ್ಗದಿದ್ದರೆ ಜಪ್ತಿಗೆ ಹೋಗಬಹುದು. ಪಿಂಚಣಿಯ ಕಾಗದ ಅದಕ್ಕೆ ಅಡಮಾನವಾಗುವುದಿಲ್ಲ. ವೃದ್ಧಾಪ್ಯ ಪಿಂಚಣಿಯೇ ಒಂದು ಮೂಲಭೂತ ಹಕ್ಕೆಂದು ನಾನು ವಾದಿಸುತ್ತಿಲ್ಲ. 41ನೇ ವಿಧಿಯಲ್ಲಿ ಮುಪ್ಪಿನ ಕಾಲದ ನೆರವಿನ ಮಾತು ಬರುವುದು ನಿರ್ದೇಶಕ ತತ್ವವಾಗಿ. ಆದರೆ ಸರ್ಕಾರ ಒಂದು ಯೋಜನೆ ಮಾಡಿ ಇಂಥವರಿಗೆಲ್ಲ ಕೊಡುತ್ತೇನೆ ಎಂದ ಮೇಲೆ, ಅರ್ಹರಾದ ಇಬ್ಬರಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಯೋಜನೆಯಲ್ಲಿಲ್ಲದ ಷರತ್ತು ಹಾಕಿದರೆ 14ನೇ ವಿಧಿಯ ಸಮಾನತೆ ಎದ್ದು ನಿಲ್ಲುತ್ತದೆ. ಅದು ಪಂಚಾಯಿತಿಗೂ ಅನ್ವಯಿಸುತ್ತದೆ. ಮೂಲಭೂತ ಹಕ್ಕುಗಳ ಭಾಗದಲ್ಲಿ ‘ರಾಜ್ಯ’ ಎಂದರೆ ಯಾರು ಎಂದು 12ನೇ ವಿಧಿ ವಿವರಿಸುವಾಗ ಸಂಸತ್ತು, ವಿಧಾನಮಂಡಲ, ಸರ್ಕಾರಗಳ ಸಾಲಿನಲ್ಲಿ ಸ್ಥಳೀಯ ಸಂಸ್ಥೆಗಳನ್ನೂ ಸೇರಿಸಿದೆ. ಅಂದರೆ ಸಂವಿಧಾನದ ಕಣ್ಣಿಗೆ ಆ ಮೇಜೂ ಭಾರತ ಸರ್ಕಾರವೂ ಒಂದೇ ಕಡೆ ಕೂತಿವೆ. ಅಜ್ಜಿ ಇನ್ನೊಂದು ಕಡೆ.

ಮೂಲಭೂತ ಹಕ್ಕುಗಳಿರುವ ಮೂರನೇ ಭಾಗವನ್ನು ಒಮ್ಮೆ ಕೂತು ಓದಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸಮಾನತೆಯ 14, ಜೀವ ಮತ್ತು ಸ್ವಾತಂತ್ರ್ಯದ 21, ಇವೆರಡೂ ‘ಯಾವುದೇ ವ್ಯಕ್ತಿ’ ಎಂದು ಹೇಳುತ್ತವೆ. ಒಳ್ಳೆಯ ವ್ಯಕ್ತಿ, ತೆರಿಗೆ ಕಟ್ಟಿದ ವ್ಯಕ್ತಿ ಎಂದು ಹೇಳುವುದಿಲ್ಲ. ನಾಗರಿಕ ಎಂದು ಕೂಡ ಹೇಳುವುದಿಲ್ಲ, ಹಾಗಾಗಿ ಪರದೇಶದವರಿಗೂ ಅವು ಅನ್ವಯ. ಮಾತಿನ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಇತ್ಯಾದಿಗಳಿರುವ 19ನೇ ವಿಧಿ ನಾಗರಿಕರಿಗಷ್ಟೇ. ಇನ್ನು 20 ಮತ್ತು 22ನೇ ವಿಧಿಗಳಂತೂ ತಪ್ಪು ಮಾಡಿದ ಆರೋಪ ಹೊತ್ತವರಿಗೆಂದೇ ಬರೆದವು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು. ಕರ್ತವ್ಯ ಮಾಡಿದವರಿಗಷ್ಟೇ ಹಕ್ಕು ಎನ್ನುವುದಾಗಿದ್ದರೆ ಈ ವಿಧಿಗಳಿಗೆ ಅರ್ಥವೇ ಇರುತ್ತಿರಲಿಲ್ಲ. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆಗೊಳಗಾದ ಕೈದಿಯೂ ಜೈಲಿನ ಬಾಗಿಲಲ್ಲಿ ತನ್ನ ಮೂಲಭೂತ ಹಕ್ಕುಗಳನ್ನೆಲ್ಲ ಕಳಚಿಟ್ಟು ಒಳಗೆ ಹೋಗುವುದಿಲ್ಲ ಎಂಬ ನಿಲುವು ತಾಳಿತು.

ಹಾಗಾದರೆ ಕರ್ತವ್ಯಗಳ ಪಟ್ಟಿ ಎಲ್ಲಿಂದ ಬಂತು? 1949ರ ನವೆಂಬರ್ 26ರಂದು ಅಂಗೀಕಾರವಾದ ಮೂಲ ಸಂವಿಧಾನದ 395 ವಿಧಿಗಳಲ್ಲಿ ಅಂಥ ಪಟ್ಟಿ ಇರಲೇ ಇಲ್ಲ. ಇದು ಮರೆತು ಬಿಟ್ಟದ್ದಾಗಿರಲು ಸಾಧ್ಯವಿಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಅವರು ದೇಶದೇಶಗಳ ಸಂವಿಧಾನಗಳನ್ನು ಜಾಲಾಡಿದವರು. 1947ರಲ್ಲಿ ಅಮೆರಿಕಕ್ಕೂ ಹೋಗಿ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಂಥವರೊಡನೆ ಚರ್ಚಿಸಿ ಬಂದವರು. ನಾಗರಿಕರ ಕರ್ತವ್ಯಗಳನ್ನು ಬರೆದಿಟ್ಟ 1936ರ ಸೋವಿಯತ್ ಸಂವಿಧಾನ ಆಗ ಎಲ್ಲರಿಗೂ ಗೊತ್ತಿದ್ದದ್ದೇ. ಮನೆಯಲ್ಲೇ ಗಾಂಧಿ ಇದ್ದರು. ಮಾನವ ಹಕ್ಕುಗಳ ಬಗ್ಗೆ ಅಭಿಪ್ರಾಯ ಕೇಳಿದ ಯುನೆಸ್ಕೋದ ಜೂಲಿಯನ್ ಹಕ್ಸ್‌ಲಿಗೆ ಅವರು 1947ರ ಮೇ ತಿಂಗಳಲ್ಲಿ ಬರೆದ ಚಿಕ್ಕ ಉತ್ತರದ ತಿರುಳು ಇಷ್ಟೇ: ಹಕ್ಕುಗಳು ಹುಟ್ಟುವುದು ಚೆನ್ನಾಗಿ ಮಾಡಿದ ಕರ್ತವ್ಯದಿಂದ, ಇದನ್ನು ಕಲಿಸಿದ್ದು ನನ್ನ ಓದುಬರಹ ಬಾರದ ತಾಯಿ. ಮೇಷ್ಟ್ರುಗಳ ಪತ್ರಗಳಲ್ಲಿ ಈ ಗಾಂಧಿ ಆಗಾಗ ಬರುತ್ತಾರೆ. ಅವರಿಗೆ ನಾನು ನೆನಪಿಸುವುದೇನೆಂದರೆ, ಗಾಂಧಿಯವರ ಕರ್ತವ್ಯದಲ್ಲಿ ಉಪ್ಪಿನ ಕಾನೂನು ಮುರಿಯುವುದೂ ಸೇರಿತ್ತು. ನಮ್ಮ ಅಂಕೋಲಾದ ಜನ 1930ರಲ್ಲಿ ಉಪ್ಪು ಮಾಡಿದರು. ಅಂಕೋಲಾ, ಸಿದ್ದಾಪುರ, ಹಿರೇಕೆರೂರಿನ ರೈತರು ಕರ ನಿರಾಕರಣೆ ಚಳವಳಿಯಲ್ಲಿ ಕಂದಾಯ ಕಟ್ಟದೆ ಜಮೀನು ಕಳೆದುಕೊಂಡರು. ಈಗ 51ಎ ವಿಧಿಯ ಎರಡನೇ ಕರ್ತವ್ಯ ಸ್ವಾತಂತ್ರ್ಯ ಹೋರಾಟದ ಆದರ್ಶಗಳನ್ನು ಪಾಲಿಸುವುದು! ಕಂದಾಯದ ರಸೀದಿ ಕೇಳುವ ಮೇಜಿನ ಹಿಂದಿನ ಗೋಡೆಯಲ್ಲಿ ಗಾಂಧಿ ಫೋಟೊ ಇರುವುದು ನಮ್ಮ ನಾಡಿನ ತಮಾಷೆಗಳಲ್ಲೊಂದು.

ಪಟ್ಟಿ ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. 1976ರಲ್ಲಿ ಕಾಂಗ್ರೆಸ್ ಪಕ್ಷ ನೇಮಿಸಿದ ಸ್ವರ್ಣ ಸಿಂಗ್ ಸಮಿತಿ ಎಂಟು ಕರ್ತವ್ಯಗಳನ್ನು ಸೂಚಿಸಿತು. ಪಾಲಿಸದವರಿಗೆ ದಂಡ ಅಥವಾ ಶಿಕ್ಷೆ ವಿಧಿಸುವ ಕಾನೂನು ಮಾಡಬಹುದು, ಆ ಕಾನೂನನ್ನು ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದೂ ಸಲಹೆ ಮಾಡಿತ್ತು. ತೆರಿಗೆ ಕಟ್ಟುವುದು ಕರ್ತವ್ಯವಾಗಬೇಕು ಎಂದೂ ಹೇಳಿತ್ತು. ಸಂಸತ್ತು ಶಿಕ್ಷೆಯನ್ನೂ ತೆರಿಗೆಯನ್ನೂ ಕೈಬಿಟ್ಟು, 42ನೇ ತಿದ್ದುಪಡಿಯಲ್ಲಿ ಹತ್ತು ಕರ್ತವ್ಯಗಳನ್ನು 51ಎ ಎಂಬ ಹೊಸ ವಿಧಿಯಾಗಿ ಸೇರಿಸಿತು. ಅದು ಜಾರಿಗೆ ಬಂದದ್ದು 1977ರ ಜನವರಿ 3ರಂದು.

ಆ ದಿನ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಗೊತ್ತಿದ್ದವರು, ಆಸ್ತಮಾ ರೋಗಿ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಒಳಗೆ ಹಾಕಿದ್ದರು. ಯಾವ ಕೋರ್ಟೂ ಅವರನ್ನು ತಪ್ಪಿತಸ್ಥೆ ಎಂದಿರಲಿಲ್ಲ. ಅದೇ ಜೈಲಿನಲ್ಲಿ 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದವರು ಇಲ್ಲೇ ಬಂಧನಕ್ಕೊಳಗಾಗಿ, ನಮ್ಮ ಹೈಕೋರ್ಟಿಗೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಇಂಥ ಅರ್ಜಿಗಳನ್ನು ಕೇಳುತ್ತೇವೆ ಎಂದು ನಿಂತ ದೇಶದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆ ಬಾಗಿಲನ್ನೂ ಮುಚ್ಚಿದರು. ತುರ್ತು ಪರಿಸ್ಥಿತಿಯಲ್ಲಿ ಜೀವದ ಹಕ್ಕಿಗಾಗಿಯೂ ಕೋರ್ಟಿಗೆ ಹೋಗುವಂತಿಲ್ಲ ಎಂದರು. ಒಪ್ಪದೆ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ನ್ಯಾಯಾಲಯದ ಬಾಗಿಲು ಮುಚ್ಚಿದ್ದ ಹೊತ್ತಿನಲ್ಲೇ ನಾಗರಿಕರಿಗೆ ಹತ್ತು ಕರ್ತವ್ಯಗಳ ಪಟ್ಟಿ ಬಂತು. ಸ್ನೇಹಲತಾ ಅವರನ್ನು ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಆ ಜೈಲು ಇದ್ದ ಜಾಗ ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಕೂರುವವರನ್ನು ಪೊಲೀಸರು ಕಳಿಸುವುದೂ ಅಲ್ಲಿಗೇ.

ಈ ಚರಿತ್ರೆಯಿಂದ 51ಎ ವಿಧಿಯೇ ಕೆಟ್ಟದ್ದು ಎಂದು ತೀರ್ಮಾನಿಸಿದರೆ ಅದು ದುಡುಕಾಗುತ್ತದೆ. ಜನತಾ ಸರ್ಕಾರ ಬಂದು 1978ರ 44ನೇ ತಿದ್ದುಪಡಿಯಲ್ಲಿ 42ನೆಯದರ ಹಲವು ಭಾಗಗಳನ್ನು ಅಳಿಸಿತು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ ಎಂದು ಬರೆಯಿತು. ಕರ್ತವ್ಯಗಳನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಲು ಅದರಲ್ಲಿ ಏನಿದೆ? ಸಂವಿಧಾನ, ಧ್ವಜ, ರಾಷ್ಟ್ರಗೀತೆಗಳಿಗೆ ಗೌರವ, ಸೋದರಭಾವ, ಮಹಿಳೆಯರ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು, ಕಾಡು ಕೆರೆ ನದಿ ವನ್ಯಜೀವಿಗಳ ರಕ್ಷಣೆ, ವೈಜ್ಞಾನಿಕ ಮನೋಭಾವ, ಸಾರ್ವಜನಿಕ ಆಸ್ತಿಯ ಕಾಪು. ಬೇಡ ಎನ್ನುವವರು ಯಾರು? ಪಟ್ಟಿಯಲ್ಲಿ ಮತದಾನ ಇಲ್ಲ ಎಂದರೆ ಅನೇಕರು ನಂಬುವುದಿಲ್ಲ. ಇಲ್ಲ. ತೆರಿಗೆಯೂ ಇಲ್ಲ.

ಹುಡುಗರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 51ಎ ವಿಧಿಯನ್ನು ಮುರಿದೆ ಎಂಬ ಕಾರಣಕ್ಕಷ್ಟೇ ಯಾರಿಗೂ ಶಿಕ್ಷೆಯಾಗುವುದಿಲ್ಲ. ಬಸ್ಸಿಗೆ ಕಲ್ಲು ಹೊಡೆದವನ ಮೇಲೆ ಕೇಸು ಬೀಳುವುದು 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ, ಧ್ವಜ ಸುಟ್ಟವನ ಮೇಲೆ 1971ರ ರಾಷ್ಟ್ರೀಯ ಗೌರವ ಕಾಯ್ದೆಯಡಿ. ಹಾಗೆಂದು ಕೋರ್ಟುಗಳು ಪಟ್ಟಿಯನ್ನು ಗೋಡೆಗೆ ನೇತುಹಾಕಿ ಸುಮ್ಮನಿಲ್ಲ. ಕಾನೂನನ್ನು ಅರ್ಥೈಸುವಾಗ ಅದನ್ನು ಕೈಗೆತ್ತಿಕೊಳ್ಳುತ್ತವೆ. 2014ರಲ್ಲಿ ಜಲ್ಲಿಕಟ್ಟು ನಿಷೇಧಿಸಿದ ಸುಪ್ರೀಂ ಕೋರ್ಟು ಜೀವಿಗಳ ಮೇಲೆ ದಯೆ ಎಂಬ ಕರ್ತವ್ಯವನ್ನು ಆಧಾರವಾಗಿ ಹಿಡಿಯಿತು. ಅದರ ಬಿಸಿ ನಮ್ಮ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣದ ಪರ ಕರ್ತವ್ಯವೂ ಸಂಸ್ಕೃತಿಯ ಪರ ಕಾನೂನೂ ಎದುರುಬದುರಾದ ಆ ಜಗಳದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನನಗೆ ಹೆಚ್ಚು ಇಷ್ಟವಾದ ತೀರ್ಪು 1986ರದು, ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅದಕ್ಕೆ ಒಪ್ಪುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ, ಗೌರವದಿಂದ ಎದ್ದು ನಿಂತಲ್ಲಿಗೆ ಕರ್ತವ್ಯ ಮುಗಿಯಿತು, ಹಾಡಿಸಲು ಯಾವ ಕಾನೂನೂ ಇಲ್ಲ ಎಂದು ಮಕ್ಕಳನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು. ಕರ್ತವ್ಯದ ಪಟ್ಟಿಯನ್ನು ದೊಣ್ಣೆ ಮಾಡಿಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೂ 2016ರ ನವೆಂಬರಿನಲ್ಲಿ ಅದೇ ಕೋರ್ಟು ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿತು, 2018ರ ಜನವರಿಯಲ್ಲಿ ಕಡ್ಡಾಯವಲ್ಲ ಎಂದಿತು. ದೊಡ್ಡವರೂ ತಿದ್ದಿಕೊಳ್ಳುತ್ತಾರೆ.

ವೈಜ್ಞಾನಿಕ ಮನೋಭಾವದ ವಿಷಯಕ್ಕೆ ಬಂದರೆ ಗೌರಿಬಿದನೂರಿನ ಕಡೆಯ ಎಚ್. ನರಸಿಂಹಯ್ಯನವರನ್ನು ಬಿಟ್ಟು ಮುಂದೆ ಹೋಗಲಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಅವರು ಸಮಿತಿ ಮಾಡಿದ್ದು 1976ರಲ್ಲಿ, ಅಂದರೆ ಆ ಕರ್ತವ್ಯ ಇನ್ನೂ ಜಾರಿಗೆ ಬಂದಿರದ ಹೊತ್ತಿನಲ್ಲಿ. ಅದಕ್ಕೆ ಅವರು ಬೈಸಿಕೊಂಡದ್ದು ಕಡಿಮೆಯಲ್ಲ. ಎಚ್ಚೆನ್ ಆ ಕೆಲಸ ಮಾಡಲು ಸಾಧ್ಯವಾದದ್ದು ಅವರಿಗೆ ಮಾತಾಡುವ, ಪ್ರಶ್ನಿಸುವ ಹಕ್ಕು ಇದ್ದದ್ದರಿಂದ. ಮೂಢನಂಬಿಕೆ ವಿರುದ್ಧ ಬರೆದವರಿಗೆ ಬೆದರಿಕೆ ಬರುವ ಊರಿನಲ್ಲಿ ‘ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ’ ಎಂದು ಬೋರ್ಡು ಹಾಕಿ ಪ್ರಯೋಜನವೇನು? ಕರ್ತವ್ಯಗಳ ಪಟ್ಟಿಯಲ್ಲಿರುವ ಬಹುಪಾಲು ಸಾಲುಗಳು ಹೀಗೇ, ಹಕ್ಕಿನ ನೆಲ ಗಟ್ಟಿಯಿದ್ದ ಕಡೆ ಮಾತ್ರ ಅವು ಬೇರು ಬಿಡುತ್ತವೆ.

ಹನ್ನೊಂದನೇ ಕರ್ತವ್ಯದ ಕಥೆ ಇನ್ನೂ ಸ್ವಾರಸ್ಯ. ಮೂಲ ಸಂವಿಧಾನದ 45ನೇ ವಿಧಿ, 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎಂದಿತ್ತು. ಅಂದರೆ 1960ಕ್ಕೆ ಗಡುವು. ಗಡುವು ದಾಟಿ ಮೂರು ದಶಕ ಕಳೆದ ಮೇಲೆ ಮೀರತ್ತಿನ ಒಬ್ಬ ವಿದ್ಯಾರ್ಥಿನಿ ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಸೀಟು ಕೇಳಿದರು. ಆಗ ನಮ್ಮ ರಾಜ್ಯ ಸರ್ಕಾರದ ಅಧಿಸೂಚನೆಯ ಪ್ರಕಾರ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000. ಅಷ್ಟು ಕೊಡಲಾಗದೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪು ಶಿಕ್ಷಣವನ್ನು ಹಕ್ಕು ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿ 21ಎ ವಿಧಿಯಾಗಿ ಅದನ್ನು ಬರೆದುಕೊಂಡಿತು. ಅದೇ ತಿದ್ದುಪಡಿ 51ಎ ಪಟ್ಟಿಗೆ ಒಂದು ಸಾಲು ಸೇರಿಸಿತು: 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆ ತಾಯಿಯ ಕರ್ತವ್ಯ. ಎರಡೂ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಸರ್ಕಾರ ತನ್ನ ಗಡುವನ್ನು ಐವತ್ತು ವರ್ಷ ತಪ್ಪಿಸಿಕೊಂಡು, ಕಡೆಗೆ ಕರ್ತವ್ಯದಲ್ಲಿ ಅರ್ಧ ಪಾಲನ್ನು ಕೂಲಿ ಹುಡುಕಿಕೊಂಡು ಗುಳೆ ಹೋಗುವ ತಂದೆ ತಾಯಿಗೂ ಹಂಚಿತು. ಶಾಲೆಯ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಕರ್ನಾಟಕ ಹೈಕೋರ್ಟು ಪತ್ರಿಕಾ ವರದಿಯ ಆಧಾರದ ಮೇಲೆ ತಾನೇ ಪ್ರಕರಣ ದಾಖಲಿಸಿಕೊಂಡಾಗ ಉತ್ತರ ಕೇಳಿದ್ದು ಸರ್ಕಾರವನ್ನು.

ಇಷ್ಟೆಲ್ಲ ಹೇಳಿದ ಮೇಲೆ ಮೇಷ್ಟ್ರ ಬೇಸರಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ ಎನಿಸಬಹುದು. ಇದೆ. ಸಂವಿಧಾನದಲ್ಲಿ ನಾಗರಿಕರಿಗೆ ನಿಜಕ್ಕೂ ಕಟ್ಟುನಿಟ್ಟಾದ ಕರ್ತವ್ಯಗಳು 1950ರಿಂದಲೇ ಇವೆ. ಅವನ್ನು 51ಎಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಹಕ್ಕುಗಳ ಭಾಗದಲ್ಲೇ ಅಡಗಿ ಕೂತಿವೆ. 15ನೇ ವಿಧಿಯ ಎರಡನೇ ಖಂಡ ನೋಡಿ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇವೆಲ್ಲಿಯೂ ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳದ ಹೆಸರಲ್ಲಿ ಯಾವ ನಾಗರಿಕರಿಗೂ ತಡೆ ಇರಬಾರದು ಎನ್ನುತ್ತದೆ ಅದು. ಸಂವಿಧಾನದಂಥ ಗಂಭೀರ ಗ್ರಂಥದಲ್ಲಿ ಬಾವಿ, ಸ್ನಾನಘಟ್ಟದ ಮಾತು ಏಕೆ ಬಂತು ಎಂದು ಕೇಳುವವರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದದ್ದನ್ನು ನೆನೆಯಬೇಕು. ಬಾವಿಯ ಹತ್ತಿರ ತಡೆಯುತ್ತಿದ್ದವರು ಬ್ರಿಟಿಷ್ ಕಲೆಕ್ಟರರಾಗಿರಲಿಲ್ಲ, ಊರಿನವರೇ. ಹಾಗಾಗಿ ಈ ಹಕ್ಕು ಸರ್ಕಾರದ ಕಡೆಗಷ್ಟೇ ತಿರುಗಿ ನಿಂತಿಲ್ಲ, ನಮ್ಮ ನಿಮ್ಮ ಕಡೆಗೂ ತಿರುಗಿದೆ. ದಲಿತರಿಗೆ ಬೇರೆ ಲೋಟ ಇಡುವ ಹೋಟೆಲಿನವರು, ಕ್ಷೌರ ಮಾಡಲು ಒಪ್ಪದ ಅಂಗಡಿಯವರು ಮುರಿಯುತ್ತಿರುವುದು ಸಂವಿಧಾನವನ್ನೇ. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ, ಜೀತ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸಿದ 23, 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮುಂತಾದ ಅಪಾಯದ ಕೆಲಸಕ್ಕೆ ಹಚ್ಚಬಾರದೆಂಬ 24, ಇವೂ ಅದೇ ಜಾತಿಯವು. ಇವುಗಳ ಬೆನ್ನಿಗೆ ಶಿಕ್ಷೆಯ ಕಾನೂನುಗಳಿವೆ. ಮಕ್ಕಳನ್ನು ಮನೆಗೆಲಸಕ್ಕೂ ಡಾಬಾಗಳಿಗೂ ಇಟ್ಟುಕೊಳ್ಳುವಂತಿಲ್ಲ ಎಂಬ ನಿಷೇಧ 2006ರಲ್ಲೇ ಬಂದಿದೆ.

23ನೇ ವಿಧಿಯನ್ನು 1982ರಲ್ಲಿ ನ್ಯಾಯಮೂರ್ತಿ ಭಗವತಿ ವಿಸ್ತರಿಸಿದ ಬಗೆ ಮಧ್ಯಮ ವರ್ಗದ ನಮಗೆ ಅಷ್ಟು ಹಿತವಾಗಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣ ಅದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆ, ಏಕೆಂದರೆ ಹಸಿವು ಕೂಡ ಒಂದು ಬಲವಂತ ಎಂದಿತು ಕೋರ್ಟು. ದುಡಿಸಿಕೊಳ್ಳುವವರು ಖಾಸಗಿಯವರಾದರೂ ಅಷ್ಟೇ. ಕರ್ನಾಟಕ ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ ಎಷ್ಟೋ ವರ್ಷಗಳಾದವು. ಕರ್ತವ್ಯದ ಬಗ್ಗೆ ದೀರ್ಘ ಪತ್ರ ಬರೆಯುವ ಎಷ್ಟು ಓದುಗರು ಪಾತ್ರೆ ತೊಳೆಯುವ ಹೆಂಗಸಿಗೆ ಆ ಲೆಕ್ಕದಲ್ಲಿ ಕೊಡುತ್ತಿದ್ದಾರೋ ನಾನು ಕೇಳಿಲ್ಲ.

ಎಲ್ಲಕ್ಕಿಂತ ಕಟುವಾದದ್ದು ಮಲದ ಗುಂಡಿಯ ವಿಷಯ. ‘ಸ್ವಚ್ಛತೆ ಪ್ರತಿ ನಾಗರಿಕನ ಕರ್ತವ್ಯ’ ಎಂಬ ಫಲಕ ಊರೂರಿನಲ್ಲಿದೆ. ಆ ಸ್ವಚ್ಛತೆಗಾಗಿ ಗುಂಡಿಗೆ ಇಳಿದು ಸತ್ತವರ ಹೆಸರಿನ ಫಲಕ ನಾನು ಎಲ್ಲೂ ನೋಡಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು, 70ರ ದಶಕದ ಮೊದಲ ಭಾಗದಲ್ಲಿ. ದೇಶಕ್ಕೆ ಆ ಕಾನೂನು ಬಂದದ್ದು 1993ರಲ್ಲಿ. ಆಮೇಲೂ ನಿಲ್ಲಲಿಲ್ಲ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ಮನೆ ಖಾಲಿ ಮಾಡಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ ಮೇಲೆ ರಾಜ್ಯ ಬೆಚ್ಚಿತು. ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಆಂದೋಲನ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದು ನಡೆಯುತ್ತಿರುವಾಗಲೇ 2013ರ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರ ತೀರ್ಪು 17 ಮತ್ತು 21ನೇ ವಿಧಿಗಳ ಬಲದ ಮೇಲೆ, 1993ರಿಂದ ಒಳಚರಂಡಿ, ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಕೊಡಲು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

2013ರ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದರ 7ನೇ ಕಲಮು ‘ಯಾವುದೇ ವ್ಯಕ್ತಿ’ಯನ್ನು ಹಿಡಿಯುತ್ತದೆ. ರಕ್ಷಣಾ ಸಾಧನವಿಲ್ಲದೆ ಒಬ್ಬರನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದರೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಐದು ವರ್ಷ, 5 ಲಕ್ಷ. ಗಂಡಾಳು ತಾನಾಗಿ ಒಪ್ಪಿದ, ಸಾವಿರ ರೂಪಾಯಿ ಹೆಚ್ಚಿಗೆ ಕೊಟ್ಟೆವು, ಕಂಟ್ರಾಕ್ಟರು ಕಳಿಸಿದ್ದು ನಮಗೆ ಗೊತ್ತಿಲ್ಲ ಎಂಬ ಮಾತುಗಳನ್ನು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಇವು ಕಾನೂನಿನ ಮುಂದೆ ನಿಲ್ಲುವ ಸಬೂಬುಗಳಾಗುವುದಿಲ್ಲ. ಗುಂಡಿಯೊಳಗಿನ ಅನಿಲಕ್ಕೆ ಒಪ್ಪಿಗೆ ಪತ್ರ ಓದಲು ಬರುವುದಿಲ್ಲ. ಮೊದಲನೆಯವನು ಕುಸಿದಾಗ ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ, ಇಂಥ ಸುದ್ದಿಗಳಲ್ಲಿ ಸತ್ತವರು ಇಬ್ಬರು, ಮೂವರು ಎಂದು ಬರುವುದು ಅದಕ್ಕೇ.

ಹೀಗೆ ಒಂದು ಸಭೆಯಲ್ಲಿ ಹೇಳಿದಾಗ ಸಂಘದ ಕಾರ್ಯದರ್ಶಿಯೊಬ್ಬರು ಸ್ವಲ್ಪ ಕೋಪದಿಂದಲೇ ಕೇಳಿದರು: ‘ಹಾಗಾದರೆ ಟ್ಯಾಂಕ್ ತುಂಬಿದಾಗ ನಾವೇನು ಮಾಡಬೇಕು ಸಾರ್?’ ಪ್ರಾಯೋಗಿಕ ಪ್ರಶ್ನೆ, ಪ್ರಾಯೋಗಿಕ ಉತ್ತರವೇ ಬೇಕು. ಸಕ್ಕಿಂಗ್ ಯಂತ್ರ, ಜೆಟ್ಟಿಂಗ್ ಯಂತ್ರಗಳಿವೆ, ನಗರ ಸಂಸ್ಥೆಯ ಮೂಲಕವೋ ಪರವಾನಗಿ ಇರುವವರ ಮೂಲಕವೋ ತರಿಸಬಹುದು. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ದೂರುಗಳಿಗೆಂದೇ 14420 ಎಂಬ ಸಹಾಯವಾಣಿ ಇದೆ. ನಿರ್ವಹಣೆಯ ಕಂಟ್ರಾಕ್ಟ್ ಬರೆಯುವಾಗ, ಯಾವ ಕಾರಣಕ್ಕೂ ಮನುಷ್ಯರು ಟ್ಯಾಂಕಿಗೆ ಇಳಿಯುವಂತಿಲ್ಲ ಎಂಬ ಒಂದು ಸಾಲು ಸೇರಿಸಿ, ಅದನ್ನು ಸಾಮಾನ್ಯ ಸಭೆಯ ನಡಾವಳಿಯಲ್ಲಿ ದಾಖಲಿಸಿ ಎಂದೆ. ಯಂತ್ರಕ್ಕೆ ದುಡ್ಡು ಜಾಸ್ತಿಯಾಗುತ್ತದೆ, ಸದಸ್ಯರು ಒಪ್ಪಬೇಕಲ್ಲ ಎಂದರು. ಎಷ್ಟು ಜಾಸ್ತಿ ಎಂದು ಕೇಳಿದೆ. ಮನೆಗಿಷ್ಟು ಎಂದು ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಕಾಫಿ ತಿಂಡಿಯ ಬಿಲ್ಲಿಗಿಂತ ಕಡಿಮೆ ಬಂತು. ಮುಂದಿನ ಸಭೆಯ ಅಜೆಂಡಾದಲ್ಲಿ ಹಾಕುತ್ತೇನೆ ಎಂದರು.